ನಳಿಗೆಗಿಂತ ಮೊದಲು ತೋಟೆ

ಪ್ರಶ್ನೆ: ನನ್ನ ಪಾಯಿಂಟ್ 22 ಬೋಲ್ಟ್ ರೈಫಲಿನ ಗುಂಡುಗಳು 50 ಮೀಟರಿನಲ್ಲಿ ಚದರಿ ಬೀಳುತ್ತವೆ. ಕಂಪೆನಿ ನಳಿಗೆ ತೆಗೆದು ಕಸ್ಟಮ್ (ಬೇಕಾದ ಅಳತೆಗೆ ಬೇರೆಯೇ ಮಾಡಿಸಿದ) ನಳಿಗೆ ಹಾಕಿಸಿದರೆ ಸರಿಹೋದೀತೇ? – ಓದುಗರು, ಬದಿಯಡ್ಕ

ಉತ್ತರ: ಹೋಗಬಹುದು. ಆದರೆ ತಪ್ಪು ನಳಿಗೆಯದ್ದೇ ಎಂದು ಮೊದಲು ಖಾತ್ರಿಯಾಗಲಿ. ರೈಫಲನ್ನು ಮರಳಚೀಲದ ಮೇಲಿಟ್ಟು ನಾಲ್ಕೈದು ಬಗೆಯ ತೋಟೆಗಳಲ್ಲಿ ತಲಾ ಹತ್ತು ಗುಂಡಿನ ಎರಡು ಗುಂಪು ಹೊಡೆಯಿರಿ. ಒಂದೇ ಹೆಸರಿನ ತೋಟೆಯಾದರೂ ಲಾಟ್ ನಂಬರ್ (ತಯಾರಿಕೆಯ ಕಂತಿನ ಸಂಖ್ಯೆ) ಬದಲಾದರೆ ಫಲ ಬೇರೆ. ಬಗೆ ಬದಲಿಸಿದಾಗಲೆಲ್ಲ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆಯೊಳಗೆ ಹಳೆಯ ಗುಂಡಿಗೆ ಸವರಿದ್ದ ಮೇಣ ಹೋಗಿ ಹೊಸತರದ್ದು ಹತ್ತಬೇಕು.

ಅಂತಾರಾಷ್ಟ್ರೀಯ 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ., ಗುಂಡಿನದ್ದು 5.6 ಮಿ.ಮೀ. ಅಂಚು ತಾಗಿದರೂ ಹತ್ತು. ಹಾಗಾಗಿ ತೂತಿನ ನಡುವಿನಿಂದ ನಡುವಿಗೆ 16 ಮಿ.ಮೀ. ಒಳಗಿನ ಗುಂಪು ಸರಿಯಾಗಿ ಮಧ್ಯಕ್ಕೆ ಬಿದ್ದರೆ ಎಲ್ಲವೂ ಹತ್ತೇ. ಹತ್ತನ್ನೂ 10.0ರಿಂದ 10.9ರ ತನಕ ಒಡೆದು ಎಣಿಸುವ ದಶಮಾಂಶ ಅಂಕದ ಪಂದ್ಯಕ್ಕೆ ಅಷ್ಟು ಸಾಲದು, ಅದು ಬೇರೆ ಮಾತು.

ಯಾವ ತೋಟೆಯಲ್ಲೂ ಕೂಡಿ ಬೀಳದಿದ್ದರೆ ರೈಫಲಿನ ಮರದ ಹಿಡಿಗೆ ಬಿಗಿದ ತಿರುಪು, ದುರ್ಬೀನಿನ ಹಿಡಿಕೆ ಸಡಿಲವಿದೆಯೇ ನೋಡಿ. ಆಮೇಲೆ, ರೈಫಲ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ನಳಿಗೆಯ ಬಾಯಂಚಿನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಎಳೆಯಿರಿ. ಎಳೆ ಸಿಕ್ಕಿಬಿದ್ದ ಕಡೆ ಅಂಚು ಜಖಂ. ಬಾಯಿಯ ಕಡೆಯಿಂದ ಕೋಲು ತೂರಿಸಿ ಒರೆಸುವವರ ರೈಫಲಿನಲ್ಲಿ ಇದು ಮಾಮೂಲು. ಅಂಚು ಮಾತ್ರ ಹೊಸದಾಗಿ ಕಡೆಸಿದರೆ ಸಾಕಾದೀತು.

ಇಷ್ಟಾದ ಮೇಲೂ ಚದರಿದರೆ ಕಸ್ಟಮ್ ನಳಿಗೆಯ ಮಾತು. ಕಾರ್ಖಾನೆಯವರು ಯಾರ ತೋಟೆಯೂ ಹೋಗಲೆಂದು ಗೂಡನ್ನು (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಸಡಿಲ ಮಾಡುತ್ತಾರೆ. ಕಸ್ಟಮ್‌ನಲ್ಲಿ ಗೂಡು ಬಿಗಿ, ನಳಿಗೆಯ ನಡುಗೆರೆಗೆ ನೇರ. ಒಳಮೈಯನ್ನು ಸೀಸದ ಬಿರಡೆಯಿಂದ ಉಜ್ಜಿ ನಯಗೊಳಿಸಿರುತ್ತಾರೆ. 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡಿಗೆ 16 ಇಂಚಿಗೊಂದು ಸುತ್ತಿನ ರೈಫಲಿಂಗ್ (ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೆರೆ) ಕೇಳಿ. ಬಿಗಿ ಗೂಡಿಗೆ ತನ್ನ ಕಿರಿಕಿರಿಯೂ ಉಂಟು: ಹೊಡೆಯದ ತೋಟೆಯನ್ನು ಹೊರತೆಗೆದರೆ ಗುಂಡು ರೈಫಲಿಂಗಿನಲ್ಲೇ ಕಚ್ಚಿಕೊಂಡು ಮದ್ದು ಚೆಲ್ಲೀತು. ಮಸಿ ಕಟ್ಟಿದರೆ ತೋಟೆ ಕೂರುವುದೂ ಕಷ್ಟ.

ನಮ್ಮ ಮಳೆಗಾಲಕ್ಕೆ ಸ್ಟೇನ್‌ಲೆಸ್ಸೇ ವಾಸಿ. ಅದಕ್ಕೂ ತುಕ್ಕು ಹಿಡಿಯುತ್ತದೆ, ನಿಧಾನಕ್ಕೆ. ಎಣ್ಣೆ ಹಚ್ಚಿಟ್ಟಿದ್ದರೆ ಹೊಡೆಯುವ ಮೊದಲು ಒಣಬಟ್ಟೆ ಓಡಿಸಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಕೋವಿಯ ಭಾಗವೂ ಕೋವಿಯೇ. ನಳಿಗೆ ತರಿಸುವ ಮುನ್ನ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಕೇಳಿ. ಕೆಲಸ ಲೈಸೆನ್ಸಿರುವ ಕೋವಿ ರಿಪೇರಿಯವರದ್ದು, ಲೇತ್ ಅಂಗಡಿಯದ್ದಲ್ಲ.

ಪ್ರಶ್ನೆ: ಹಂದಿ ಕಾಟಕ್ಕೆ ಲೈಸೆನ್ಸ್ ಪಡೆದ ತೋಟದ ಬೆಡಿಗೂ ರೈಫಲಿಂಗ್ ಇರುವ ನಳಿಗೆ ಒಳ್ಳೆಯದೇ? – ಓದುಗರು, ಮುಳ್ಳೇರಿಯ

ಉತ್ತರ: ಬೇಡ. ಚರೆ ಹಾರಿಸುವ ಬೆಡಿಯ ನಳಿಗೆ ಒಳಗೆ ನುಣುಪಾಗಿಯೇ ಇರಬೇಕು. ರೈಫಲಿಂಗ್ ಇದ್ದರೆ ಚರೆಯೂ ತಿರುಗುತ್ತ ಹೊರಬಿದ್ದು ಬಳೆಯಂತೆ ಹರಡುತ್ತದೆ. ಗುರಿಯಿಟ್ಟ ನಡುವೇ ಖಾಲಿ! ಲೈಸೆನ್ಸಿನಲ್ಲಿ ಬರೆದ ಬಗೆಯ ಕೋವಿಯೂ ಅದಾಗಿ ಉಳಿಯುವುದಿಲ್ಲ.