ಗ್ರಾಫೀನ್ ಪಟ್ಟಿಯಲ್ಲಿ ಅತಿವಾಹಕತೆ: ನಿಮ್ಮ ಪ್ರಶ್ನೆಗೆ ಉತ್ತರ
ಗ್ರಾಫೀನಿನ (ಇಂಗಾಲದ ಪರಮಾಣುಗಳ ಹಾಳೆಯ) ಒಂದೇ ಪದರ ತಾನಾಗಿ ಅತಿವಾಹಕವಲ್ಲದಿದ್ದರೂ, ಅತಿ ಶೀತದಲ್ಲಿ ಅತಿವಾಹಕವಾಗುವ ಎರಡು ಅಲ್ಯೂಮಿನಿಯಂ ವಿದ್ಯುದ್ವಾರಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ರೋಧವಿಲ್ಲದೆ ವಿದ್ಯುತ್ ಹೇಗೆ ಹರಿಯುತ್ತದೆ ಎಂದು ನೀವು ಕೇಳಿದ್ದೀರಿ. ಇದಕ್ಕೆ ಕಾರಣ ಸಾಮೀಪ್ಯ ಪರಿಣಾಮ, ಅಂದರೆ ಅತಿವಾಹಕಕ್ಕೆ ತಾಗಿರುವ ವಸ್ತುವೂ ಅದರ ಗುಣವನ್ನು ಪಡೆಯುವುದು. ಲೋಹದ ಅಂಚನ್ನು ತಲುಪಿದ ಎಲೆಕ್ಟ್ರಾನಿನ ಶಕ್ತಿ ಅತಿವಾಹಕದ ಶಕ್ತಿ ಅಂತರಕ್ಕಿಂತ (ಒಂಟಿ ಎಲೆಕ್ಟ್ರಾನಿಗೆ ಒಳಗೆ ಸ್ಥಾನ ಸಿಗಲು ಬೇಕಾದ ಕನಿಷ್ಠ ಶಕ್ತಿಗಿಂತ) ಕಡಿಮೆಯಿದ್ದರೆ, ಅದು ಒಂಟಿಯಾಗಿ ಒಳಹೋಗಲಾರದೆ ಇನ್ನೊಂದು ಎಲೆಕ್ಟ್ರಾನಿನೊಡನೆ ಕೂಪರ್ ಜೋಡಿಯಾಗಿ (ಅತಿವಾಹಕದಲ್ಲಿ ರೋಧವಿಲ್ಲದೆ ಜೊತೆಯಾಗಿ ಸಾಗುವ ಎರಡು ಎಲೆಕ್ಟ್ರಾನುಗಳಾಗಿ) ಸೇರುತ್ತದೆ. ಅದರ ಬದಲಿಗೆ ಹಿಂತಿರುಗುವ ರಂಧ್ರವು (ಧನ ಆವೇಶದ ಕಣದಂತೆ ವರ್ತಿಸುವ, ಎಲೆಕ್ಟ್ರಾನ್ ಇಲ್ಲದ ಖಾಲಿ ಸ್ಥಾನ) ಎದುರಿನ ಅಂಚಿನಲ್ಲಿ ಮತ್ತೆ ಎಲೆಕ್ಟ್ರಾನಾಗುತ್ತದೆ. ಆಂಡ್ರೇಯೆವ್ ಪ್ರತಿಫಲನ ಎಂಬ ಈ ಕ್ರಿಯೆ, ವಿದ್ಯುದ್ವಾರಗಳ ಅಂತರ ಚಿಕ್ಕದಾಗಿದ್ದು ಎಲೆಕ್ಟ್ರಾನ್ ಮತ್ತು ರಂಧ್ರಗಳ ಅಲೆಗಳ ಹೊಂದಾಣಿಕೆ ಕೆಡದಿರುವವರೆಗೆ, ಜೋಡಿಗಳನ್ನು ಆಚೆ ಬದಿಗೆ ಸಾಗಿಸುತ್ತಲೇ ಇರುತ್ತದೆ. ನನಗೆ ಅತ್ಯಂತ ಮಹತ್ವದ್ದೆನಿಸುವುದು 2007ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಂಡ ಪ್ರಕಟಿಸಿದ ಫಲಿತಾಂಶ: ಗೇಟ್ ವೋಲ್ಟೇಜಿನಿಂದ (ಪಕ್ಕದ ನಿಯಂತ್ರಕ ವಿದ್ಯುದ್ವಾರಕ್ಕೆ ಕೊಡುವ ವೋಲ್ಟೇಜಿನಿಂದ) ವಾಹಕಗಳನ್ನು, ಅಂದರೆ ವಿದ್ಯುತ್ತನ್ನು ಹೊರುವ ಕಣಗಳನ್ನು, ಎಲೆಕ್ಟ್ರಾನುಗಳಿಂದ ರಂಧ್ರಗಳಿಗೆ ಬದಲಿಸಿದರೂ ರೋಧರಹಿತ ಪ್ರವಾಹ ಉಳಿಯಿತು, ವಾಹಕಗಳ ಸಾಂದ್ರತೆ ಅತಿ ಕಡಿಮೆಯಾಗುವ ಡಿರಾಕ್ ಬಿಂದುವಿನಲ್ಲಿಯೂ ಅದು ನಿಲ್ಲಲಿಲ್ಲ.