ಸಕ್ಕರೆ ಕಾಯಿಲೆಯ ಬೆಕ್ಕಿಗೆ ಕಿಡ್ನಿ ತೊಂದರೆಯೂ ಇದ್ದರೆ ಯಾವುದಕ್ಕೆ ಮೊದಲು ಚಿಕಿತ್ಸೆ?

ಪ್ರಶ್ನೆ: ನಮ್ಮ ಮನೆಯ ಗಂಡು ಬೆಕ್ಕು ಗುಂಡನಿಗೆ ಹನ್ನೊಂದು ವರ್ಷ. ಚಿಕ್ಕಂದಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ. ಕೆಲವು ವರ್ಷಗಳಿಂದ ಅವನ ಒಸಡು ಕೆಂಪಗೆ ಊದಿಕೊಂಡು ಜೊಲ್ಲು ಸುರಿಯುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದಾಗಲೆಲ್ಲ ಕೆಲವು ವಾರ ಆರಾಮವಾಗಿರುತ್ತಾನೆ. ಕೊನೆಯ ಇಂಜೆಕ್ಷನ್ ಹಾಕಿಸಿದ್ದು ದೀಪಾವಳಿಯ ಹೊತ್ತಿಗೆ. ಅದಾದ ಮೇಲೆ ಬಿಂದಿಗೆಯ ಬಳಿಯಲ್ಲೇ ಕುಳಿತು ನೀರು ಕುಡಿಯತೊಡಗಿದ. ಅವನು ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತವೆ. 6.8 ಕೆ.ಜಿ. ಇದ್ದವನು 5.4 ಕೆ.ಜಿ.ಗೆ ಇಳಿದಿದ್ದಾನೆ, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಾನೆ. ಪರೀಕ್ಷೆಯಲ್ಲಿ ರಕ್ತದ ಸಕ್ಕರೆ 412, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2.3 ಬಂದಿದೆ. ದಿನಕ್ಕೆರಡು ಬಾರಿ ಒಂದೊಂದು ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಲು ವೈದ್ಯರು ಹೇಳಿದ್ದಾರೆ. ನಮ್ಮ ತಂದೆಯವರಿಗೂ ಶುಗರ್ ಇರುವುದರಿಂದ ಮಾತ್ರೆ, ಇನ್ಸುಲಿನ್, ಸಿರಿಂಜ್ ಎಲ್ಲವೂ ಮನೆಯಲ್ಲಿವೆ, ಅವನ್ನೇ ಬಳಸಬಹುದೇ? ಹಾಲು ಅನ್ನ ನಿಲ್ಲಿಸಿ ಕೋಳಿ ಮಾಂಸ ಕೊಡೋಣವೆಂದರೆ ಕಿಡ್ನಿಗೆ ಕೆಟ್ಟದ್ದು ಎನ್ನುತ್ತಾರೆ. ಯಾವುದಕ್ಕೆ ಮೊದಲು ಚಿಕಿತ್ಸೆ ಮಾಡಿಸಬೇಕು?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನೀವು ಬರೆದಿರುವ ಮೂರೂ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಆದ್ದರಿಂದ ಸಕ್ಕರೆಯ ಅಂಕಿಯೊಂದನ್ನೇ ಹಿಡಿದು ಹೊರಟರೆ ಗುಂಡ ಗುಣವಾಗುವುದಿಲ್ಲ. ಇನ್ಸುಲಿನ್ ಅನ್ನು ತಡಮಾಡದೆ, ಆದರೆ ಕಡಿಮೆ ಪ್ರಮಾಣದಲ್ಲಿ ಆರಂಭಿಸಬೇಕು. ಅದರ ಜೊತೆಯಲ್ಲೇ ಅವನು ಪ್ರತಿದಿನ ಹೊಟ್ಟೆ ತುಂಬ ತಿನ್ನುವಂತೆ ನೋಡಿಕೊಳ್ಳಬೇಕು. ಬಾಯಿಯ ಊತಕ್ಕೆ ಸ್ಟೀರಾಯ್ಡ್ ಬಿಟ್ಟು ಬೇರೆ ದಾರಿ ಹುಡುಕಬೇಕು. ನಿಮ್ಮ ವೈದ್ಯರು ಹೇಳಿರುವ ಒಂದು ಯೂನಿಟ್ ಸರಿಯಾದ ಆರಂಭ. ದುರ್ಬಲವಾದ ಮೂತ್ರಪಿಂಡಗಳು ಇನ್ಸುಲಿನ್ ಅನ್ನು ನಿಧಾನವಾಗಿ ಹೊರಹಾಕುವುದರಿಂದ ಇಂಥ ಬೆಕ್ಕಿನಲ್ಲಿ ಅದರ ಪರಿಣಾಮ ಹೆಚ್ಚು ಹೊತ್ತು ಉಳಿಯಬಹುದು. ಹೀಗಾಗಿ ಪ್ರಮಾಣ ಏರಿಸುವಲ್ಲಿ ಅವಸರ ಸಲ್ಲದು.

ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಬೆಕ್ಕಿನ ರಕ್ತದ ಸಕ್ಕರೆ, ಕಾಯಿಲೆ ಇಲ್ಲದಿದ್ದರೂ 300 ದಾಟುವುದುಂಟು. ಆದ್ದರಿಂದ ಒಂದೇ ಪರೀಕ್ಷೆಯ ಅಂಕಿಯಿಂದ ನಾನು ಮಧುಮೇಹ ಎಂದು ತೀರ್ಮಾನಿಸುವುದಿಲ್ಲ. ಆದರೆ ಗುಂಡನ ವಿಷಯದಲ್ಲಿ ತೂಕ ಇಳಿದಿರುವುದು, ನೀರಡಿಕೆ, ಮೂತ್ರಕ್ಕೆ ಇರುವೆ ಮುತ್ತುವುದು ಮತ್ತು ಹಿಮ್ಮಡಿ ಊರಿ ನಡೆಯುವುದು ಇವೆಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಮೂತ್ರದಲ್ಲಿ ಸಕ್ಕರೆಯ ಜೊತೆಗೆ ಕೀಟೋನ್ (ಸಕ್ಕರೆಯ ಬದಲು ಕೊಬ್ಬು ಕರಗಿದಾಗ ದೇಹದಲ್ಲಿ ಉಂಟಾಗುವ ವಸ್ತು) ಇದೆಯೇ ಎಂಬುದನ್ನು ಇನ್ಸುಲಿನ್ ಆರಂಭಿಸುವ ಮೊದಲೇ ನೋಡಿಸಿರಿ. ಅದನ್ನು ಪರೀಕ್ಷಿಸುವ ಪಟ್ಟಿಗಳು (ಸ್ಟ್ರಿಪ್) ಔಷಧ ಅಂಗಡಿಗಳಲ್ಲಿ ಸಿಗುತ್ತವೆ. ಕೀಟೋನ್ ಇದ್ದು ಬೆಕ್ಕು ಊಟ ಬಿಟ್ಟಿದ್ದರೆ, ವಾಂತಿ ಮಾಡುತ್ತಿದ್ದರೆ ಅದು ಮನೆಯಲ್ಲಿ ನೋಡಿಕೊಳ್ಳುವ ಸ್ಥಿತಿಯಲ್ಲ. ಅದೇ ದಿನ ಡ್ರಿಪ್ ಹಾಕಿಸಬೇಕಾದ ತುರ್ತು ಸ್ಥಿತಿ. ಬೆಕ್ಕಿನ ಮೂತ್ರ ಹಿಡಿಯುವುದು ಹೇಗೆಂದು ಬಹಳ ಜನ ಕೇಳುತ್ತಾರೆ. ಮರಳಿನ ತಟ್ಟೆಯನ್ನು ತೊಳೆದು, ಮರಳಿನ ಬದಲು ನೀರು ಹೀರದ ಅಕ್ವೇರಿಯಂ ಹರಳುಗಳನ್ನು ತೆಳುವಾಗಿ ಹರಡಿ, ಬೆಕ್ಕು ಹೋಗಿ ಬಂದ ಮೇಲೆ ತಟ್ಟೆಯನ್ನು ಓರೆ ಮಾಡಿ ಸಿರಿಂಜಿನಲ್ಲಿ ಎಳೆದುಕೊಂಡರೆ ಸಾಕಾಗುತ್ತದೆ.

ಈಗ ತಂದೆಯವರ ಔಷಧದ ಮಾತು. ದಯವಿಟ್ಟು ಅವುಗಳಲ್ಲಿ ಯಾವುದನ್ನೂ ಗುಂಡನಿಗೆ ಕೊಡಬೇಡಿ. ಮನುಷ್ಯರಿಗೆ ಸಾಮಾನ್ಯವಾಗಿ ಬರೆದುಕೊಡುವ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿರುತ್ತವೆ. ಮೆಟ್‌ಫಾರ್ಮಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ಅದೇ ಸೋತಿರುವ ಬೆಕ್ಕಿನಲ್ಲಿ ಔಷಧ ಒಳಗೇ ಉಳಿಯುತ್ತದೆ. ಗ್ಲಿಮೆಪಿರೈಡ್ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಬೆಕ್ಕುಗಳಿಗೆಂದೇ ಬಾಯಿಯಿಂದ ಕೊಡುವ ಎರಡು ಔಷಧಗಳಿಗೆ, ಅಂದರೆ ಬೆಕ್ಸಾಗ್ಲಿಫ್ಲೋಜಿನ್ ಮತ್ತು ವೆಲಾಗ್ಲಿಫ್ಲೋಜಿನ್‌ಗಳಿಗೆ, ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಅನುಮತಿ ದೊರೆತಿದೆ. ಆದರೆ ಅವು ಚೆನ್ನಾಗಿ ತಿನ್ನುತ್ತಿರುವ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮೀಸಲು. ಬಾಯಿನೋವಿನಿಂದ ಯಾವಾಗ ಊಟ ಬಿಡುವನೋ ತಿಳಿಯದ, ಮೂತ್ರಪಿಂಡವೂ ಸೋತಿರುವ ಗುಂಡನಂಥ ಬೆಕ್ಕಿಗೆ ಇನ್ಸುಲಿನ್ ಹೆಚ್ಚು ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ಸುಲಿನ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿರುವ 30/70 ಮಿಶ್ರಣದ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಮತ್ತು ಅದರ ಪರಿಣಾಮ ಬೆಕ್ಕಿನಲ್ಲಿ ಬೇಗ ಮುಗಿದುಹೋಗುತ್ತದೆ. ಗ್ಲಾರ್ಜಿನ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ಸಿರಿಂಜುಗಳೂ ಇದಕ್ಕೆ ತಕ್ಕಂತೆ ಬೇರೆ ಬೇರೆ: ಕೆಂಪು ಮುಚ್ಚಳದ್ದು 40ರ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರ ಇನ್ಸುಲಿನ್‌ಗೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಗ್ಲಾರ್ಜಿನ್ ಅನ್ನು ಒಂದು ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ ಯೂನಿಟ್. ಐದು ಕೆ.ಜಿ. ತೂಕದ ಪ್ರಾಣಿಗೆ ಇದು ಪ್ರಾಣಾಪಾಯದ ವ್ಯತ್ಯಾಸ. ತಂದೆಯವರ ಸಿರಿಂಜುಗಳನ್ನೂ ಗುಂಡನ ಸಿರಿಂಜುಗಳನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ, ಸಾಧ್ಯವಾದರೆ ಬೇರೆ ಕೋಣೆಗಳಲ್ಲಿ ಇಡಿ. ಅಂಗಡಿಯಲ್ಲಿ ಅರ್ಧ ಯೂನಿಟ್ ಗೆರೆಯಿರುವ 0.3 ಮಿಲಿಲೀಟರ್ ಸಿರಿಂಜನ್ನೇ ಕೇಳಿ ತರಿಸಿಕೊಳ್ಳಿರಿ. ಗ್ಲಾರ್ಜಿನ್‌ಗೆ ನೀರು ಬೆರೆಸಬಾರದು, ಸೀಸೆಯನ್ನು ಕುಲುಕಬಾರದು.

ಚುಚ್ಚುವುದು ನೀವು ಹೆದರಿರುವಷ್ಟು ಕಷ್ಟವಲ್ಲ. ಬೆಳಿಗ್ಗೆ ಏಳು ಮತ್ತು ಸಂಜೆ ಏಳು ಎಂದು 12 ಗಂಟೆಗಳ ಅಂತರ ಗೊತ್ತುಮಾಡಿಕೊಳ್ಳಿ. ಮೊದಲು ಊಟ ಇಡಿ. ಅವನು ತಿನ್ನುವುದರಲ್ಲಿ ಮಗ್ನನಾದಾಗ ಪಕ್ಕೆಯ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಗುಡಾರದಂತೆ ಎತ್ತಿ, ಅದರ ಬುಡಕ್ಕೆ ಸೂಜಿ ಹಾಕಿ. ರೋಮ ಒದ್ದೆಯಾಗಿದೆಯೇ ಎಂದು ಕೈಯಾಡಿಸಿ ನೋಡಿ. ಒದ್ದೆಯಾಗಿದ್ದರೆ ಔಷಧ ಹೊರಗೆ ಹೋಗಿದೆ ಎಂದರ್ಥ. ಹಾಗಾದಾಗ ಮತ್ತೊಮ್ಮೆ ಚುಚ್ಚಬೇಡಿ. ಅಮ್ಮ ಕೊಟ್ಟರೋ ಮಗಳು ಕೊಟ್ಟಳೋ ಎಂಬ ಅನುಮಾನ ಬಂದಾಗಲೂ ಇದೇ ನಿಯಮ: ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಬೆಕ್ಕಿಗೆ ದೊಡ್ಡ ಹಾನಿಯಿಲ್ಲ, ಎರಡು ಬಾರಿ ಹೋದರೆ ಬೆಕ್ಕು ಉಳಿಯದೇ ಹೋಗಬಹುದು. ಅವನು ಊಟ ಮುಟ್ಟದಿದ್ದರೆ ಆ ಹೊತ್ತಿನ ಇನ್ಸುಲಿನ್ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಅರ್ಧಂಬರ್ಧ ತಿಂದಾಗ ಎಷ್ಟು ಕೊಡಬೇಕೆಂದು ಅವರಿಂದ ಮೊದಲೇ ಬರೆಸಿಟ್ಟುಕೊಳ್ಳಿ.

ಸಕ್ಕರೆ 60ಕ್ಕಿಂತ ಕೆಳಗಿಳಿದ ಬೆಕ್ಕು ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ. ಕೆಲವೊಮ್ಮೆ ಮೂಲೆಯಲ್ಲಿ ಅಡಗಿ ವಿಚಿತ್ರವಾಗಿ ಕೂಗುತ್ತದೆ. ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ. ಎಚ್ಚರವಿದ್ದು ನುಂಗಬಲ್ಲ ಬೆಕ್ಕಿಗೆ ತಕ್ಷಣ ಅದರ ಊಟವನ್ನೇ ಕೊಡಿ. ತಿನ್ನದಿದ್ದರೆ ಜೇನುತುಪ್ಪವನ್ನೋ ಗ್ಲುಕೋಸ್ ಪುಡಿಯ ಗಟ್ಟಿ ಪಾಕವನ್ನೋ ಒಸಡಿಗೆ ಸವರಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದಿರುವಾಗ ಬಾಯೊಳಗೆ ಬೆರಳು ಹಾಕಬೇಡಿ, ನೀರು ಹೊಯ್ಯಬೇಡಿ.

ಆಹಾರದ ಪ್ರಶ್ನೆಯನ್ನು ನಾನು ಅತ್ಯಂತ ಮುಖ್ಯವೆಂದು ಭಾವಿಸುತ್ತೇನೆ. ಗಂಗಾವತಿಯಂಥ ಭತ್ತದ ನಾಡಿನಲ್ಲಿ ಬೆಕ್ಕಿಗೆ ಹಾಲು ಅನ್ನ ಕಲಸಿ ಹಾಕುವುದು, ಇಲ್ಲವೇ ಹಾಲಿನಲ್ಲಿ ಜೋಳದ ರೊಟ್ಟಿ ನೆನೆಸಿ ಕೊಡುವುದು ಪ್ರೀತಿಯಿಂದ ನಡೆದುಬಂದ ರೂಢಿ. ಆದರೆ ಬೆಕ್ಕು ಮಾಂಸಾಹಾರಕ್ಕೆಂದೇ ರೂಪುಗೊಂಡ ಪ್ರಾಣಿ. ಪಿಷ್ಟವನ್ನು ಅರಗಿಸಿಕೊಂಡರೂ ಅದರಿಂದ ಏರುವ ಸಕ್ಕರೆಯನ್ನು ಇಳಿಸುವ ಶಕ್ತಿ ಮಧುಮೇಹವಿರುವ ಬೆಕ್ಕಿಗೆ ಸಾಲದು. ಅಂಗಡಿಯ ಒಣ ಕಾಳಿನ ಆಹಾರದಲ್ಲೂ ಪಿಷ್ಟ ಸಾಕಷ್ಟಿರುತ್ತದೆ. ಆದ್ದರಿಂದ ಅನ್ನ, ರೊಟ್ಟಿ, ಬಿಸ್ಕತ್ತು, ಹಾಲು ನಾಲ್ಕನ್ನೂ ನಿಲ್ಲಿಸಬೇಕು. ಆದರೆ ಒಂದೇ ದಿನದಲ್ಲಿ ಅಲ್ಲ, ಒಂದು ವಾರದಲ್ಲಿ ಹಂತಹಂತವಾಗಿ. ದಪ್ಪಗಿದ್ದ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಮಾರಕ ಕಾಯಿಲೆ ಶುರುವಾಗುತ್ತದೆ. ಹೊಸ ಆಹಾರ ಹಿಡಿಸುವ ಹಟದಲ್ಲಿ ಅವನನ್ನು ಹಸಿವಿಗೆ ಕೆಡವಬೇಡಿ. ಏನೂ ತಿನ್ನದಿರುವುದಕ್ಕಿಂತ ಅವನಿಗೆ ಇಷ್ಟವಾದುದನ್ನು ತಿನ್ನುವುದು ಮೇಲು.

ಕೋಳಿ ಮಾಂಸದಿಂದ ಕಿಡ್ನಿ ಹಾಳಾಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಇದ್ದರೆ ಅದನ್ನು ಬೆಕ್ಕಿನ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಎರಡನೇ ಹಂತ ಎನ್ನುತ್ತಾರೆ, ಗುಂಡನದು ಅಲ್ಲಿದೆ. ಅವನ ಮೈಯಲ್ಲಿ ನೀರಿನಂಶ ಕಡಿಮೆಯಾಗಿದ್ದಾಗ ತೆಗೆದ ರಕ್ತವಾದರೆ ನಿಜಸ್ಥಿತಿ ಇದಕ್ಕಿಂತ ಉತ್ತಮವಾಗಿರಬಹುದು, ಮಾಂಸಖಂಡ ಕರಗಿದ್ದರೆ ಇದಕ್ಕಿಂತ ಕೆಟ್ಟದ್ದೂ ಇರಬಹುದು. ಸಕ್ಕರೆ ಹತೋಟಿಗೆ ಬಂದ ಮೇಲೆ ರಂಜಕ (ಫಾಸ್ಫರಸ್), ಪೊಟ್ಯಾಸಿಯಂಗಳೊಡನೆ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ. ಈ ಹಂತದಲ್ಲಿ ಪ್ರೋಟೀನಿಗಿಂತ ಹೆಚ್ಚು ಕಾಡುವುದು ರಂಜಕ. ಪಿಷ್ಟ ಮತ್ತು ರಂಜಕ ಎರಡೂ ಕಡಿಮೆಯಿರುವ, ಬೆಕ್ಕಿಗೆಂದೇ ತಯಾರಿಸಿದ ಮೆತ್ತನೆಯ ಆಹಾರ ಸಿಕ್ಕರೆ ಅದೇ ಮೊದಲ ಆಯ್ಕೆ. ಅದು ಸಿಗುವವರೆಗೆ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಮೂಳೆರಹಿತ ಕೋಳಿ ಮಾಂಸ ಮತ್ತು ಬೇಯಿಸಿದ ಮೊಟ್ಟೆಯ ಬಿಳಿಭಾಗ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುವುದರಿಂದ ಮನೆಯವರಿಗೆ ಮಾಡಿದ ಸಾರಿನ ತುಂಡನ್ನು ತೊಳೆದು ಹಾಕುವುದೂ ಬೇಡ. ಬರೀ ಬೇಯಿಸಿದ ಮಾಂಸದಲ್ಲಿ ಟೌರಿನ್ (ಬೆಕ್ಕಿಗೆ ಅತ್ಯಗತ್ಯವಾದ ಪೋಷಕಾಂಶ) ಮತ್ತು ಕ್ಯಾಲ್ಸಿಯಂ ಸಾಲದು. ಟೌರಿನ್ ಕೊರತೆಯಾದರೆ ಬೆಕ್ಕಿನ ಕಣ್ಣು ಮತ್ತು ಹೃದಯ ಎರಡೂ ಕೆಡುತ್ತವೆ. ಆದ್ದರಿಂದ ಮನೆಯೂಟ ಕೆಲವು ವಾರಗಳಿಗಿಂತ ಹೆಚ್ಚು ನಡೆಯುವುದಾದರೆ ಈ ಎರಡರ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಲೇಬೇಕು. ಮುಂದೆ ಮೂತ್ರಪಿಂಡದ ಕಾಯಿಲೆ ಮೂರನೇ ಹಂತ ತಲುಪಿದರೆ ಆಗ ಕಿಡ್ನಿಯ ಆಹಾರಕ್ಕೇ ಆದ್ಯತೆ. ಅದಕ್ಕೆ ಹೊಂದುವಂತೆ ಇನ್ಸುಲಿನ್ ಅನ್ನು ಬದಲಿಸಿಕೊಳ್ಳುತ್ತೇವೆ.

ಬಾಯಿಯ ವಿಷಯಕ್ಕೆ ಬರುತ್ತೇನೆ. ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಇಂಜೆಕ್ಷನ್ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಮೊದಲೇ ದಪ್ಪಗಿದ್ದ, ವಯಸ್ಸಾದ ಗಂಡು ಬೆಕ್ಕಿನಲ್ಲಿ ಮಧುಮೇಹ ಹೊರಬರಲು ಅದು ಬಲವಾದ ಕಾರಣ. ಒಸಡಿನ ಉರಿಯೂತವೂ ಅದೇ ಕೆಲಸ ಮಾಡುತ್ತದೆ. ಇನ್ನು ಮುಂದೆ ಆ ಇಂಜೆಕ್ಷನ್ ಬೇಡವೆಂದು ಯಾವ ದವಾಖಾನೆಗೆ ಹೋದರೂ ಮೊದಲೇ ಹೇಳಿರಿ. (ದಿನವೂ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿರುವ ಬೆಕ್ಕಾದರೆ ಅದನ್ನು ತಟ್ಟನೆ ನಿಲ್ಲಿಸುವಂತಿಲ್ಲ, ಹಂತಹಂತವಾಗಿ ಇಳಿಸಬೇಕು.) ನೋವಿಗೆಂದು ದನ ಮತ್ತು ನಾಯಿಗಳಿಗೆ ಬಳಸುವ ಮೆಲಾಕ್ಸಿಕ್ಯಾಮ್ ಅನ್ನು ನೀವಾಗಿ ಕೊಡಬೇಡಿ, ಅದು ಸೋತ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಬಲ್ಲದು. ಪ್ಯಾರಾಸಿಟಮಾಲ್ ಒಂದು ಮಾತ್ರೆ ಸಾಕು, ಬೆಕ್ಕು ಸಾಯುತ್ತದೆ. ಇಂಥ ಬಾಯಿಗೆ ನಿಜವಾದ ಚಿಕಿತ್ಸೆ ದವಡೆಯ ಹಲ್ಲುಗಳನ್ನು ತೆಗೆಸುವುದು. ಹಲ್ಲಿಲ್ಲದೆ ಏನು ತಿಂದಾನು ಎಂದು ಮರುಗಬೇಡಿ. ನೋವು ಹೋದ ಮೇಲೆ ಬೆಕ್ಕುಗಳು ಮೆತ್ತನೆಯ ಆಹಾರವನ್ನು ಮೊದಲಿಗಿಂತ ಚೆನ್ನಾಗಿ ತಿನ್ನುತ್ತವೆ. ಕೆಲವು ವಾರ ಇನ್ಸುಲಿನ್ ನಡೆದು, ತೂಕ ಇಳಿಯುವುದು ನಿಂತ ಮೇಲೆ ಅರಿವಳಿಕೆಗೆ ಸಿದ್ಧಮಾಡಬಹುದು.

ಹಿಂಗಾಲಿನ ದೌರ್ಬಲ್ಯ ನರಗಳಿಗೆ ಸಕ್ಕರೆಯಿಂದಾದ ಹಾನಿ; ಸಕ್ಕರೆ ಹತೋಟಿಗೆ ಬಂದರೆ ತಿಂಗಳುಗಳಲ್ಲಿ ನಿಧಾನವಾಗಿ ಸುಧಾರಿಸುತ್ತದೆ. ಆದರೆ ಕುತ್ತಿಗೆಯನ್ನೇ ಎತ್ತಲಾಗದೆ ಗದ್ದ ಎದೆಗೆ ತಾಗುವಂತೆ ಜೋತುಬಿದ್ದರೆ ಅದು ಪೊಟ್ಯಾಸಿಯಂ ಕುಸಿದಿರುವುದರ ಗುರುತು, ಕಾಯುವಂತಿಲ್ಲ. ಹಾಗೆಯೇ ಮರಳಿನ ತಟ್ಟೆಯಲ್ಲಿ ಮುಕ್ಕರಿಯುತ್ತಾ ಹನಿ ಮೂತ್ರವೂ ಬಾರದಿದ್ದರೆ ಅದೂ ಅದೇ ದಿನದ ತುರ್ತು.

ಇನ್ಸುಲಿನ್ ಆರಂಭಿಸಿದ ಒಂದೆರಡು ವಾರದಲ್ಲಿ ಮರುಪರೀಕ್ಷೆಗೆ ಒಯ್ಯಿರಿ. ಕಿವಿಯ ಅಂಚಿನಿಂದ ಹನಿ ರಕ್ತ ತೆಗೆದು ತಂದೆಯವರ ಗ್ಲುಕೋಮೀಟರಿನಲ್ಲಿ ನೋಡಬಹುದು. ಅವರ ಬಳಿಯಿಂದ ಎರವಲು ಪಡೆಯಬಹುದಾದ ವಸ್ತು ಇದೊಂದೇ. ಮನುಷ್ಯರ ಯಂತ್ರ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ದಿನದ ಅತಿ ಕಡಿಮೆ ಅಂಕಿ 80ರಿಂದ 150ರ ನಡುವೆ ನಿಂತು, ಉಳಿದ ಹೊತ್ತು ಬಹುಪಾಲು 300ರ ಒಳಗಿದ್ದರೆ ಅದು ಒಳ್ಳೆಯ ಹತೋಟಿ. ಒಂದು ದಿನದ ಅಂಕಿ ನೋಡಿ ಪ್ರಮಾಣ ಏರಿಸಬೇಡಿ. ನೀರಿನ ಬಟ್ಟಲು ಎಷ್ಟು ಖಾಲಿಯಾಯಿತು, ತೂಕ ಎಷ್ಟಿದೆ, ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತಿದ್ದಾನೆಯೇ ಎಂಬ ನಿಮ್ಮ ನೋಟ್‌ಬುಕ್ಕಿನ ಬರಹ ನಮಗೆ ಅಂಕಿಗಳಷ್ಟೇ ಉಪಯುಕ್ತ. ಸ್ಟೀರಾಯ್ಡ್‌ನಿಂದ ಕೆರಳಿದ ಮಧುಮೇಹ, ಬೇಗ ಆರಂಭಿಸಿದ ಗ್ಲಾರ್ಜಿನ್ ಮತ್ತು ಪಿಷ್ಟವಿಲ್ಲದ ಆಹಾರದಿಂದ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವಾಗುವ ಮಟ್ಟಕ್ಕೆ ಹೋಗುವುದುಂಟು. ಮೂತ್ರಪಿಂಡದ ಕಾಯಿಲೆ ಮಾತ್ರ ಹಿಂದಿರುಗುವುದಿಲ್ಲ, ಅದನ್ನು ನಿಧಾನಗೊಳಿಸಬಹುದು.

ಪ್ರಶ್ನೆ: ನಮ್ಮ ಬೆಕ್ಕಿಗೂ ಗ್ಲಾರ್ಜಿನ್ ನಡೆಯುತ್ತಿದೆ. ರಾಯಚೂರಿನ ಬೇಸಿಗೆಯಲ್ಲಿ ಕರೆಂಟ್ ಹೋದಾಗ ಇನ್ಸುಲಿನ್ ಕೆಡುತ್ತದೆಯೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಒಂದೆರಡು ತಾಸು ಕರೆಂಟ್ ಹೋದರೆ ಬಾಗಿಲು ತೆರೆಯದ ಫ್ರಿಜ್ಜಿನೊಳಗೆ ಏನೂ ಆಗುವುದಿಲ್ಲ. ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು. ಬಾಗಿಲಿನ ಗೂಡು ಒಳ್ಳೆಯ ಜಾಗ, ಹಿಮಗಟ್ಟುವ ಭಾಗದ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ತೆರೆದ ಗ್ಲಾರ್ಜಿನ್ 30 ಡಿಗ್ರಿಯ ಒಳಗೆ 28 ದಿನ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ, ಆದರೆ ಹೊರಗೆ 40 ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೊಳಗೆ ಆ 30 ಸಿಗುವುದಿಲ್ಲ. ದಿನವಿಡೀ ಕರೆಂಟ್ ಇಲ್ಲದಾಗ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹಾಕಿ, ಸೀಸೆಯನ್ನು ಮುಚ್ಚಿದ ಡಬ್ಬಿಯಲ್ಲಿ ಒಳಗಿಡಿ. ಮಡಕೆ ಗಾಳಿಯಾಡುವ ನೆರಳಿನಲ್ಲಿರಲಿ. ಗ್ಲಾರ್ಜಿನ್ ತಿಳಿನೀರಿನಂತೆ ಇರಬೇಕು. ಮಬ್ಬಾಗಿ ಕಂಡರೆ, ಅಥವಾ ಊಟ ಮತ್ತು ಪ್ರಮಾಣ ಬದಲಾಗದಿದ್ದರೂ ಬೆಕ್ಕಿನ ನೀರಡಿಕೆ ಮತ್ತೆ ಹೆಚ್ಚಿದರೆ, ಪ್ರಮಾಣ ಏರಿಸುವ ಮೊದಲು ಹೊಸ ಸೀಸೆ ತೆರೆದು ನೋಡಿ.