ಸಂಗೀತ ಗೊತ್ತಿಲ್ಲದ ಪೋಷಕರು ಶಾಲೆಯ ಬ್ಯಾಂಡಿಗೆ ಏನು ಮಾಡಬಹುದು?

ಮಗ ಅಮೆರಿಕದ ಹೈಸ್ಕೂಲಿನಲ್ಲಿ ಮಾರ್ಚಿಂಗ್ ಬ್ಯಾಂಡ್ (ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ನುಡಿಸುವ ವಾದ್ಯತಂಡ) ಸೇರಿದ್ದಾನೆ, ಪೋಷಕರನ್ನೂ ಕೆಲಸಕ್ಕೆ ಕರೆಯುತ್ತಿದ್ದಾರೆ, ನಮಗೆ ಆ ವಾದ್ಯಗಳ ಗಂಧಗಾಳಿಯೂ ಇಲ್ಲ ಎಂದು ಬರೆದಿದ್ದೀರಿ. ಧೈರ್ಯವಾಗಿ ಹೋಗಿ. ನನ್ನ ಮಗಳು ಟೆಕ್ಸಾಸ್‌ನಲ್ಲಿ ಶಾಲೆಯ ಬ್ಯಾಂಡಿಗೆ ಕ್ಲಾರಿನೆಟ್ ನುಡಿಸುತ್ತಾಳೆ. ಸಂಗೀತವನ್ನು ಡೈರೆಕ್ಟರ್ ನೋಡಿಕೊಳ್ಳುತ್ತಾರೆ. ನಮ್ಮಿಂದ ಬೇಕಿರುವುದು ದುಡಿಯುವ ಕೈ.

ನನ್ನನ್ನು ಕೇಳಿದರೆ ಪಿಟ್ ಕ್ರೂ, ಅಂದರೆ ದೊಡ್ಡ ವಾದ್ಯಗಳನ್ನು ಸಾಗಿಸುವ ತಂಡ, ಸೇರಿ. ಮರಿಂಬಾ, ವೈಬ್ರಫೋನ್, ಟಿಂಪನಿಯಂಥ ದೊಡ್ಡ ವಾದ್ಯಗಳನ್ನು ಹೊತ್ತುಕೊಂಡು ನಡೆಯೋಕಾಗಲ್ಲ ಅಲ್ವಾ? ಅವನ್ನು ಮೈದಾನದ ಮುಂದಿನ ಅಂಚಿನಲ್ಲಿ ಇಟ್ಟು ನುಡಿಸುತ್ತಾರೆ. ಟ್ರಕ್ಕಿನಿಂದ ಇಳಿಸುವುದು, ತಳ್ಳಿಕೊಂಡು ಹೋಗುವುದು, ಷೋ ಮುಗಿದ ಕೂಡಲೇ ಹೊರಗೆ ತರುವುದು, ಎಲ್ಲಕ್ಕೂ ಅಪ್ಪ ಅಮ್ಮಂದಿರೇ ಬೇಕು. ಸ್ಪರ್ಧೆಗಳಲ್ಲಿ ಇದಕ್ಕೆಲ್ಲ ಸಮಯ ಕಟ್ಟುನಿಟ್ಟು. ಮೀರಿದರೆ ಮಕ್ಕಳ ಫಲಿತಾಂಶಕ್ಕೇ ಪೆಟ್ಟು ಬೀಳಬಹುದು. ಆದರೆ ಷೋ ನಡೆಯುವಾಗ ನೀವು ಮೈದಾನದ ಪಕ್ಕದಲ್ಲೇ ಇರುತ್ತೀರಿ. ಡ್ರಮ್ಮಿನ ಸದ್ದು ನೇರ ಎದೆಗೇ ಬಡಿಯುತ್ತದೆ. ಆ ಖುಷಿ ಮೇಲೆ ಕೂತು ನೋಡುವವರಿಗೆ ಸಿಗುವುದಿಲ್ಲ.

ಸೂಜಿ ದಾರ ಹಿಡಿದು ಅಭ್ಯಾಸವಿದ್ದರೆ ಯೂನಿಫಾರ್ಮ್ ತಂಡ ಒಳ್ಳೆಯದು. ಬಟ್ಟೆ ಶಾಲೆಯದೇ, ಮುಂದಿನ ವರ್ಷ ಇನ್ನೊಂದು ಮಗುವಿಗೆ ಹೋಗುತ್ತದೆ. ಹಾಗಾಗಿ ಪ್ಯಾಂಟಿನ ಉದ್ದವನ್ನು ಕತ್ತರಿಸುವ ಹಾಗಿಲ್ಲ, ಮಡಿಚಿ ಹೊಲಿಯಬೇಕು. ಬೇಸಿಗೆಯ ಬ್ಯಾಂಡ್ ಕ್ಯಾಂಪಿನಲ್ಲಿ ನೀರು, ಐಸ್ ಒದಗಿಸುವುದನ್ನೂ ಚಿಕ್ಕ ಕೆಲಸ ಅಂದುಕೊಳ್ಳಬೇಡಿ. ಟೆಕ್ಸಾಸ್‌ನ ಆಗಸ್ಟ್ ಬಿಸಿಲಲ್ಲಿ ಮಕ್ಕಳು ಬೇಗ ಬಳಲುತ್ತಾರೆ. ಶುಕ್ರವಾರದ ಫುಟ್‌ಬಾಲ್ ಆಟದಲ್ಲಿ ತಿಂಡಿ ಮಾರುವುದು, ಬಸ್ಸಿನಲ್ಲಿ ಜೊತೆಗೆ ಹೋಗುವುದು ಕೂಡ ಇರುತ್ತವೆ.

ಹಣದ ವಿಷಯ ಸ್ವಲ್ಪ ಗಮನವಿಟ್ಟು ನೋಡಿ. ಬ್ಯಾಂಡಿಗೆ ಹಣ ಕೂಡಿಸುವ ಪೋಷಕರ ಬೂಸ್ಟರ್ ಕ್ಲಬ್ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇರುವ ಸಂಸ್ಥೆ. ಯಾರು ಎಷ್ಟು ಸಂಗ್ರಹಿಸಿದರೋ ಅಷ್ಟನ್ನು ಅವರ ಮಗುವಿನ ಫೀಸಿಗೇ ಕಳೆಯುವುದು ಸರಿಯಲ್ಲ. ಹೀಗೆ ಮಾಡಿದ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ಬೊಂದರ ವಿನಾಯಿತಿ ರದ್ದಾಯಿತು. 2013ರಲ್ಲಿ ಅಮೆರಿಕದ ಟ್ಯಾಕ್ಸ್ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ನನಗೂ ಈ ನಿಯಮ ನ್ಯಾಯ ಅನ್ನಿಸುತ್ತದೆ. ದುಡ್ಡು ಎಲ್ಲರದ್ದಾದರೆ, ಫೀಸು ಕಟ್ಟಲು ಕಷ್ಟವಿರುವ ಮನೆಯ ಮಗುವೂ ಅದೇ ಸಾಲಿನಲ್ಲಿ ಹೆಜ್ಜೆ ಹಾಕಬಹುದು.

ಮೊದಲು ಶಾಲೆಯ ಬ್ಯಾಕ್‌ಗ್ರೌಂಡ್ ಚೆಕ್ ಫಾರ್ಮ್ ತುಂಬಿ. ಎಷ್ಟೋ ಕಡೆ ಅದು ಪಾಸಾಗದೆ ಮಕ್ಕಳ ಜೊತೆ ಕೆಲಸ ಮಾಡಲು ಬಿಡುವುದಿಲ್ಲ. ನಿಮ್ಮ ಕಂಪನಿಯಲ್ಲೂ ಕೇಳಿ ನೋಡಿ. ನೌಕರರು ಸೇವೆ ಮಾಡಿದ ಗಂಟೆಗಳಿಗೆ ತಕ್ಕಂತೆ ಇಂಥ ಸಂಸ್ಥೆಗೆ ದೇಣಿಗೆ ಕೊಡುವ ಕಂಪನಿಗಳಿವೆ.